ಅಂಕಿ ಅದಲುಬದಲು

ಉಂಗುರದ ಬೆರಳು ಮುಗಿಸಿ ತಂಗಿ ಕಿರುಬೆರಳಿಗೆ ಬಂದಳು. ಒದ್ದೆ ಬಟ್ಟೆಯಿಂದ ಎಷ್ಟು ಒರೆಸಿದರೂ ಬೆರಳ ತುದಿಯ ಸಣ್ಣ ಕಪ್ಪು ಚುಕ್ಕೆಗಳು ಹೋಗಲಿಲ್ಲ. ಬಟ್ಟೆಯನ್ನು ಮತ್ತೆ ನೀರಿಗೆ ಅದ್ದಿ, ಹಿಂಡಿ, ಇನ್ನೊಮ್ಮೆ ತಿಕ್ಕಿದಳು.

"ಅದು ಹೋಗಲ್ಲ, ಬಿಡಿ," ಎಂದಳು ನೀರಿನ ಬೋಗುಣಿ ಹಿಡಿದು ನಿಂತಿದ್ದ ಔಷಧಿ ಅಂಗಡಿಯಾಕೆ. ಅಂಗಡಿ ಇದೇ ಕಟ್ಟಡದ ಕೆಳಗಿತ್ತು. "ಕೊಳೆ ಅಲ್ಲ ಅದು. ಶುಗರ್ ನೋಡೋಕೆ ಚುಚ್ಚಿದ ಗುರುತು. ದಿನಕ್ಕೆ ಮೂರು ಸಲ, ಹತ್ತೊಂಬತ್ತು ವರ್ಷ."

ತಂಗಿ ಅಣ್ಣನ ಕೈಯನ್ನು ತಿರುಗಿಸಿ ನೋಡಿದಳು. ಹನ್ನೊಂದು ವರ್ಷಗಳಿಂದ ದಿನವೂ ಫೋನಿನಲ್ಲಿ ಅವನ ಸಕ್ಕರೆ ಎಷ್ಟೆಂದು ಕೇಳುತ್ತಿದ್ದವಳು ಈ ಬೆರಳುಗಳನ್ನು ಇಷ್ಟು ಹತ್ತಿರದಿಂದ ಕಂಡಿರಲಿಲ್ಲ.

ಕೋಣೆಯ ಹೊರಗೆ ಅವಳ ಗಂಡ ಗಾಡಿಯವನ ಜತೆ ಫೋನಿನಲ್ಲಿ ಮಾತಾಡುತ್ತಿದ್ದ. ಹನ್ನೊಂದು ಗಂಟೆಗೆ ಶವದ ಗಾಡಿ ಬರಬೇಕಿತ್ತು. ಮೆಟ್ಟಿಲ ಮೇಲೆ ಅಣ್ಣ ಕರಡು ತಿದ್ದುತ್ತಿದ್ದ ಪ್ರೆಸ್ಸಿನ ಫೋರ್‌ಮನ್ನೂ ಇಬ್ಬರು ಬೈಂಡರುಗಳೂ ಕುಳಿತಿದ್ದರು. ಅಷ್ಟೇ ಜನ.

"ನಿಮ್ಮನ್ನ ಒಂದು ಕೇಳ್ಬೇಕು," ಎಂದಳು ತಂಗಿ, ದನಿ ತಗ್ಗಿಸಿ. "ಶುಗರ್ ಮುನ್ನೂರ ಹನ್ನೊಂದು ಇದ್ರೆ ಒಂದೂವರೆ ಗಂಟೇಲಿ ಮನುಷ್ಯ ಹೋಗಿಬಿಡ್ತಾನಾ?"

"ಡಾಕ್ಟರು ಹೃದಯಾಘಾತ ಅಂತ ಬರೆದುಕೊಟ್ಟಿದ್ದಾರಲ್ಲ."

"ಕೊಟ್ಟಿದ್ದಾರೆ. ನಾನು ಕೇಳ್ತಿರೋದು ಅದಲ್ಲ." ತಂಗಿ ಸೊಂಟದಲ್ಲಿ ಸಿಕ್ಕಿಸಿದ್ದ ಫೋನನ್ನು ತೆಗೆದು ಮುಂದೆ ಹಿಡಿದಳು. "ನಿನ್ನೆ ಬೆಳಗ್ಗೆ ಏಳೂ ನಲವತ್ತಕ್ಕೆ ಮಾಡಿದ್ದೆ. ಮುನ್ನೂರ ಹನ್ನೊಂದು ಕಣೇ ಅಂದ. ಬಸ್ಸು ಬಂದುಬಿಡ್ತು. ಸಂಜೆ ಮಾಡ್ತೀನಿ ಅಂತ ಇಟ್ಬಿಟ್ಟೆ. ಹನ್ನೆರಡು ಸೆಕೆಂಡು, ನೋಡಿ, ಇಲ್ಲೇ ಇದೆ. ಒಂಬತ್ತೂ ಹತ್ತಕ್ಕೆ ಫೋರ್‌ಮನ್ನು ಬಂದು ಬಾಗಿಲು ತೆಗೆಸಿದಾಗ ಎಲ್ಲಾ ಮುಗಿದಿತ್ತು. ಆಗ ನಾನು ನಿಮಗಾದ್ರೂ ಒಂದು ಫೋನ್ ಮಾಡಿದ್ರೆ? ಮೇಲೆ ಹೋಗಿ ನೋಡಿ ಅಂದಿದ್ರೆ?"

ಅಂಗಡಿಯಾಕೆ ಬೋಗುಣಿಯನ್ನು ನೆಲಕ್ಕಿಟ್ಟಳು.

"ಮುನ್ನೂರ ಹನ್ನೊಂದಾ?" ಎಂದಳು. "ಅವರಿಗಾ? ಮಷೀನಲ್ಲಿ ನೋಡಿದ್ರಾ?"

"ಇಲ್ಲ."

"ಅದರಲ್ಲಿ ಎಲ್ಲಾ ಉಳಿದಿರುತ್ತೆ. ತಾರೀಖು, ಟೈಮು ಸಮೇತ. ಆ ಮೇಜಿನ ಡ್ರಾಯರಲ್ಲಿ ಇಟ್ಕೊಳ್ತಿದ್ರು."

*

ತಾಯಿಗೂ ಇದೇ ಕಾಯಿಲೆಯಿತ್ತು. ಕೊನೆಯ ವಾರ ಆಸ್ಪತ್ರೆಯಲ್ಲಿ ಅವಳು ಮಗಳ ಕೈ ಹಿಡಿದು ಹೇಳಿದ್ದು ಒಂದೇ ಮಾತು: "ಅವನನ್ನ ದಿನಾ ವಿಚಾರಿಸ್ಕೊಳ್ಳೇ." ಅಣ್ಣ ಮದುವೆಯಾಗಿರಲಿಲ್ಲ. ಏನನ್ನು ವಿಚಾರಿಸಬೇಕು ಎಂದು ತಾಯಿ ಹೇಳಲಿಲ್ಲ. ಮಗಳು ಸಕ್ಕರೆಯನ್ನು ವಿಚಾರಿಸತೊಡಗಿದಳು.

ನಾಲ್ಕು ಗಂಟೆ ಪ್ರಯಾಣದ ದೂರದ ಊರಿನಲ್ಲಿ ಅವಳಿಗೆ ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಕೆಲಸ. ಬೆಳಗ್ಗೆ ಬಸ್ಸಿಗೆ ಕಾಯುವಾಗ ಅಣ್ಣನಿಗೆ ಫೋನು.

"ಎಷ್ಟು?"

"ನೂರ ಇಪ್ಪತ್ತು."

"ಸರಿ. ಇಡ್ತೀನಿ."

ಕಚೇರಿಯಲ್ಲೂ ಹಾಗೇ. ದೂರು ಇಲ್ಲವೆಂದಾದರೆ ಮುಂದಿನವರು. ಫೋನಿಟ್ಟ ಮೇಲೆ ಅವಳು ಚೀಲದ ಪುಟ್ಟ ಡೈರಿಯಲ್ಲಿ ಸಂಖ್ಯೆಯನ್ನು ಬರೆದುಕೊಳ್ಳುತ್ತಿದ್ದಳು. ತಿಂಗಳಿಗೊಮ್ಮೆ ಅಣ್ಣನ ಡಾಕ್ಟರಿಗೆ ಫೋನ್ ಮಾಡಿ ಅದನ್ನು ಓದಿ ಹೇಳುತ್ತಿದ್ದಳು. ಅಣ್ಣನೇ ಹೋಗಿ ಹೇಳಬಹುದಿತ್ತು. ಆದರೆ ಅವನು ಡಾಕ್ಟರ ಮುಂದೆ ಕುಳಿತರೆ ಅವರ ಮೇಜಿನ ಮೇಲಿನ ಚೀಟಿಗಳಲ್ಲಿ ಕಾಗುಣಿತದ ತಪ್ಪು ಹುಡುಕುತ್ತಾನೆ, ತನ್ನ ವಿಷಯ ಬಾಯಿಬಿಡುವುದಿಲ್ಲ ಎಂದು ಡಾಕ್ಟರೇ ನಕ್ಕಿದ್ದರು.

ಒಂದು ತಿಂಗಳು ಹತ್ತು ದಿನಗಳ ಹಿಂದೆ ಸಂಖ್ಯೆ ಏರತೊಡಗಿತು.

"ಎಷ್ಟು?"

"ಇನ್ನೂರ ಹದಿನೇಳು."

"ಏನು? ಇನ್ನೊಂದ್ಸಲ ಹೇಳು."

"ಇನ್ನೂರ ಹದಿನೇಳು ಕಣೇ."

"ರಾತ್ರಿ ಏನು ತಿಂದೆ? ನಿಜ ಹೇಳು."

"ಬ್ರೆಡ್ಡು."

"ಬರೀ ಬ್ರೆಡ್ಡಾ?"

"ಅದರ ಮೇಲೆ ಒಂಚೂರು ಜಾಮು."

"ಅಣ್ಣಾ! ಅರವತ್ತೊಂದು ವರ್ಷ ನಿನಗೆ, ಆರಲ್ಲ. ಒಂಚೂರು ಅಂದ್ರೆ ಎಷ್ಟು? ಚಮಚದಲ್ಲಿ ಹೇಳು. ಅಮ್ಮನ ಕಾಲು ಏನಾಯ್ತು ಅಂತ ಮರೆತೆಯಾ? ಮರೆತೆ ಅಂತ ಹೇಳಿಬಿಡು, ನಾನು ಕೇಳೋದೇ ಬಿಡ್ತೀನಿ."

"ಬಿಡ್ಬೇಡ್ವೇ. ಬೈತಾ ಇರು. ಕೇಳಿಸ್ಕೋತಾ ಇದ್ದೀನಿ."

"ಸಂಜೆ ನಡೀತೀಯಾ?"

"ಅಡುಗೆಮನೆವರೆಗೂ ನಡೀತೀನಿ."

"ತಮಾಷೆ ಬೇಡ!"

ಬಸ್ಸೊಂದು ಬಂದು ಹೋಯಿತು. ಅವಳು ಹತ್ತಲಿಲ್ಲ. ಆ ದಿನ ಅಣ್ಣನ ಚಪ್ಪಲಿಯ ಅಳತೆಯಿಂದ ಹಿಡಿದು ಅವನ ಕೋಣೆಯ ಗಾಳಿ ಬೆಳಕಿನವರೆಗೆ ಎಲ್ಲವನ್ನೂ ವಿಚಾರಿಸಿದಳು.

ಹದಿಮೂರು ದಿನಗಳ ಹಿಂದೆ ಅವಳು ಡಾಕ್ಟರಿಗೆ ಡೈರಿ ಓದಿದಳು. ಡಾಕ್ಟರಿಗೆ ಆಶ್ಚರ್ಯವಾಯಿತು. ಮೂರು ತಿಂಗಳಿಗೊಮ್ಮೆ ಮಾಡುವ ರಕ್ತಪರೀಕ್ಷೆ ಮುಂದಿನ ತಿಂಗಳಿದೆ, ಅಲ್ಲಿಯವರೆಗೆ ರಾತ್ರಿಯ ಇನ್ಸುಲಿನ್ನನ್ನು ಹದಿನೆಂಟು ಯೂನಿಟ್ಟಿನಿಂದ ಇಪ್ಪತ್ತೆರಡಕ್ಕೆ ಏರಿಸಲಿ ಎಂದರು. ಅವಳು ಅಣ್ಣನಿಗೆ ಮೂರು ಸಲ ಹೇಳಿ, ಅವನ ಬಾಯಿಂದ ಎರಡು ಸಲ ಹೇಳಿಸಿಕೊಂಡಳು.

*

ಡ್ರಾಯರಿನಲ್ಲಿ ಯಂತ್ರ ಒಂದು ಕನ್ನಡಕದ ಡಬ್ಬಿಯೊಳಗಿತ್ತು. ಅಂಗಡಿಯಾಕೆ ಗುಂಡಿ ಒತ್ತಿದಳು. ಪರದೆಯ ಮೇಲೆ ನಿನ್ನೆಯ ತಾರೀಖು ಮೂಡಿತು, ಬೆಳಗ್ಗೆ ಆರೂ ಹತ್ತು. ಅದರ ಕೆಳಗೆ ನೂರ ಮೂವತ್ತೊಂದು.

"ಮುನ್ನೂರಲ್ಲ," ಎಂದಳು ಆಕೆ. "ನೂರ ಮೂವತ್ತೊಂದು. ಇಷ್ಟು ಶುಗರ್‌ಗೆ ಯಾರೂ ಹೋಗಲ್ಲ."

ತಂಗಿ ಯಂತ್ರವನ್ನು ಕೈಗೆ ತೆಗೆದುಕೊಂಡಳು. "ನನಗೆ ಮುನ್ನೂರ ಹನ್ನೊಂದು ಅಂದ. ನಾನು ಸರಿಯಾಗಿ ಕೇಳಿಸ್ಕೊಂಡಿದ್ದೀನಿ. ಬರ್ಕೊಂಡೂ ಇದ್ದೀನಿ."

"ಹಿಂದಿನದು ನೋಡಿ."

ಮೊನ್ನೆ ಬೆಳಗಿನದು ನೂರ ಇಪ್ಪತ್ನಾಲ್ಕು ಎಂದು ತೋರಿಸಿತು. ಡೈರಿಯಲ್ಲಿ ಇನ್ನೂರ ಹದಿನಾಲ್ಕು ಇತ್ತು.

ಆ ಹೊತ್ತಿಗೆ ಫೋರ್‌ಮನ್ ಬಾಗಿಲಲ್ಲಿ ಬಂದು ನಿಂತ. ಕೈಯಲ್ಲೊಂದು ಕಾಗದವಿತ್ತು. ಪ್ರೆಸ್ಸಿನ ಬಾಗಿಲಿಗೆ ಹಚ್ಚಬೇಕಾದ ನಾಲ್ಕು ಸಾಲಿನ ನಿಧನದ ಸೂಚನೆಗೆ ಒಪ್ಪಿಗೆ ಕೇಳಲು ಬಂದಿದ್ದ. ಇಬ್ಬರು ಹೆಂಗಸರ ಮುಖ ನೋಡಿ ಕಾಗದವನ್ನು ಜೇಬಿಗಿಟ್ಟುಕೊಂಡ. "ಏನಾಯ್ತಮ್ಮ?"

ತಂಗಿ ಹೇಳಿದಳು. ಫೋರ್‌ಮನ್ ಎರಡನ್ನೂ ನೋಡಿದ. ಆಮೇಲೆ ಕುರ್ಚಿ ಎಳೆದು ಕುಳಿತು, ಕನ್ನಡಕ ಹಾಕಿ, ಯಂತ್ರವನ್ನು ತನ್ನ ಕಡೆ ತಿರುಗಿಸಿಕೊಂಡ.

"ನೀವು ಡೈರಿ ಓದಿ. ನಾನು ಇದನ್ನ ಹಿಡೀತೀನಿ."

"ಮೊನ್ನೆ, ಇನ್ನೂರ ಹದಿನಾಲ್ಕು."

"ಹಾಗಲ್ಲಮ್ಮ. ಅಂಕಿಯನ್ನ ಹಾಗೆ ಓದಬಾರ್ದು, ಕಣ್ಣು ಮೋಸ ಮಾಡುತ್ತೆ. ಬಿಡಿಸಿ ಓದಿ."

"ಎರಡು. ಒಂದು. ನಾಲ್ಕು."

"ಒಂದು, ಎರಡು, ನಾಲ್ಕು," ಎಂದ ಅವನು ಪರದೆ ನೋಡುತ್ತ. "ಮುಂದೆ."

"ಒಂದು. ಒಂದು. ಒಂಬತ್ತು."

"ಸರಿಯಿದೆ. ಮುಂದೆ."

"ಮೂರು. ಒಂದು. ಆರು."

"ಒಂದು, ಮೂರು, ಆರು. ಮುಂದೆ."

"ಎರಡು. ಒಂದು. ಏಳು."

"ಒಂದು, ಎರಡು, ಏಳು." ಅವನು ಕನ್ನಡಕ ತೆಗೆದ. "ಅದಲುಬದಲು."

"ಅಂದ್ರೆ?"

"ನಮ್ಮ ಕೆಲಸದ ಮಾತು. ಮೊದಲ ಎರಡು ಅಂಕಿ ಜಾಗ ಬದಲಾಯಿಸಿಕೊಂಡಿವೆ. ಅಚ್ಚು ಜೋಡಿಸೋರು ಮಾಡೋ ತಪ್ಪಿದು. ರೈಲು ವೇಳಾಪಟ್ಟಿಯಲ್ಲಿ ಇಂಥದ್ದೊಂದು ನುಸುಳಿದ್ರೆ ಜನ ರೈಲು ತಪ್ಪಿಸ್ಕೋತಾರೆ. ಅದನ್ನ ಹಿಡಿಯೋದಕ್ಕೆ ಅಂತಲೇ ನಿಮ್ಮಣ್ಣ ಇದ್ದದ್ದು. ಮೂವತ್ತೊಂದು ವರ್ಷ ನಾನು ಓದಿದ್ದೀನಿ, ಅವನು ಹಿಡಿದಿದ್ದಾನೆ."

"ವಯಸ್ಸಾಯ್ತಲ್ಲ. ತಪ್ಪಾಗಿ ಓದಿರ್ತಾನೆ."

"ಅವನಾ?" ಫೋರ್‌ಮನ್ನನಿಗೆ ಆ ಹೊತ್ತಿನಲ್ಲೂ ಸಿಟ್ಟು ಬಂತು. "ಅಮ್ಮಾ, ಇವತ್ತಿನವರೆಗೂ ಒಂದೇ ಒಂದು ಅದಲುಬದಲು ಅವನ ಕೈ ದಾಟಿ ಹೋಗಿಲ್ಲ. ಇದು ಬೇಕು ಅಂತಲೇ ಮಾಡಿದ್ದು. ನೋಡಿ, ಒಂದು ಒಂದು ಒಂಬತ್ತು ಬಂದ ದಿನ ಪಾಪ ಏನೂ ಮಾಡೋಕಾಗಿಲ್ಲ. ನಿಜ ಹೇಳಿಬಿಟ್ಟಿದ್ದಾನೆ."

ಅಂಗಡಿಯಾಕೆಯ ಬಾಯಿಂದ ನಗೆಯಂಥದ್ದೇನೋ ಹೊರಟು ಅಲ್ಲೇ ನಿಂತಿತು.

ತಂಗಿ ಡೈರಿಯ ಹಿಂದಿನ ಪುಟ ತಿರುಗಿಸಿದಳು. "ಎಂಟು. ಐದು."

ಫೋರ್‌ಮನ್ ಗುಂಡಿ ಒತ್ತುತ್ತಾ ಹೋದ. ನಿಲ್ಲಿಸಿದ. "ಐದು, ಎಂಟು."

"ಐವತ್ತೆಂಟಾ?" ಅಂಗಡಿಯಾಕೆ ಬಗ್ಗಿ ನೋಡಿದಳು. "ಅಯ್ಯೋ, ಅಪಾಯ ಇದ್ದದ್ದು ಅವತ್ತು!"

ತಂಗಿಗೆ ಆ ದಿನ ನೆನಪಿತ್ತು. ಎಂಬತ್ತೈದು ಎಂದು ಕೇಳಿ "ಭೇಷ್ ಅಣ್ಣಾ" ಎಂದಿದ್ದಳು.

*

ಪ್ರೆಸ್ಸಿನಲ್ಲಿ ಅವನನ್ನು ಎಲ್ಲರೂ ಅಲ್ಪವಿರಾಮ ಎನ್ನುತ್ತಿದ್ದರು. ಹನ್ನೊಂದು ಗಂಟೆಗೆ ಒಮ್ಮೆ, ನಾಲ್ಕು ಗಂಟೆಗೆ ಒಮ್ಮೆ, ಎಂಥ ಅವಸರದ ಕೆಲಸವಿದ್ದರೂ ಅವನು ಬೆರಳೆತ್ತುತ್ತಿದ್ದ. "ಅಲ್ಪವಿರಾಮ," ಎಂದು ಹೇಳಿ ಎರಡು ಬಿಸ್ಕತ್ತು ತಿನ್ನುತ್ತಿದ್ದ. ಮೂರನೆಯದು ಬೇಕೆಂದರೂ ತಿನ್ನುತ್ತಿರಲಿಲ್ಲ. ಬೈಂಡರುಗಳು ಪೊಟ್ಟಣ ಹಿಡಿದು ಕಾಡುತ್ತಿದ್ದರು: "ಒಂದು ಅರ್ಧವಿರಾಮನಾದ್ರೂ ತಗೊಳ್ಳಿ ಸಾರ್."

ಬಿಸ್ಕತ್ತಿಗೂ ಮುಂಚೆ ಸಕ್ಕರೆ ಇಳಿಯುವ ದಿನಗಳಿದ್ದವು. ಆಗ ಮೊದಲು ತಿಳಿಯುತ್ತಿದ್ದುದು ಫೋರ್‌ಮನ್ನನಿಗೆ. ಅವನು ಓದುತ್ತಿದ್ದ ಅಂಕಿಗೆ ಎದುರಿನಿಂದ "ಹ್ಞೂಂ" ಬರುವುದು ಒಂದು ಕ್ಷಣ ತಡವಾಗುತ್ತಿತ್ತು. ಕತ್ತೆತ್ತಿ ನೋಡಿದರೆ ಅಲ್ಪವಿರಾಮನ ಹಣೆಯ ಮೇಲೆ ಬೆವರು, ಕೈಯಲ್ಲಿನ ಪೆನ್ಸಿಲಿಗೆ ನಡುಕ. ಫೋರ್‌ಮನ್ ಏನೂ ಕೇಳದೆ ಗ್ಲೂಕೋಸ್ ನೀರು ಕಲಸಿ ಕೊಡುತ್ತಿದ್ದ. ಇಬ್ಬರೂ ಕಾಲು ಗಂಟೆ ಸುಮ್ಮನೆ ಕೂತಿರುತ್ತಿದ್ದರು. ಆಮೇಲೆ ಅಲ್ಪವಿರಾಮ ಹಿಂದಿನ ಪುಟಕ್ಕೆ ಹೋಗಿ, ನೋಡಿದ್ದನ್ನೆಲ್ಲ ಮತ್ತೆ ನೋಡುತ್ತಿದ್ದ.

ಕೆಲಸ ಎಂಟೂವರೆಗೆ ಶುರುವಾಗುತ್ತಿದ್ದರೂ ಅವನು, ಬೀಗ ತೆಗೆಯುವ ಫೋರ್‌ಮನ್ನನ ಜತೆಗೇ, ಏಳೂವರೆಗೆ ಬಂದುಬಿಡುತ್ತಿದ್ದ. ಮನೆಯಲ್ಲಿ ಕೂತು ಏನು ಮಾಡಲಿ ಎನ್ನುತ್ತಿದ್ದ. ತಂಗಿಯ ಫೋನು ಬರುವಾಗ ಕಾಗದದ ಕಟ್ಟುಗಳ ನಡುವೆ ಹೋಗಿ ನಿಲ್ಲುತ್ತಿದ್ದ.

ಐವತ್ತೆಂಟರ ಬೆಳಗ್ಗೆ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಮನೆಯಲ್ಲೇ ಸಕ್ಕರೆ ನೀರು ಕುಡಿದು ಬಂದೆ ಎಂದ. ಬೆಂಚಿನ ಮೇಲೆ ಕೂತ. ಫೋನು ಬಂದಾಗ ಏಳಲಿಲ್ಲ. ಕೂತಲ್ಲಿಂದಲೇ, "ಎಂಬತ್ತೈದು," ಎಂದ. ಕರೆ ಮುಗಿಯಿತು.

"ಯಾಕಯ್ಯಾ, ಶುಗರ್ ಇಳಿದಿತ್ತು ಅಂತ ಹೇಳ್ಲಿಲ್ಲ?" ಎಂದು ಫೋರ್‌ಮನ್ ಕೇಳಿದ.

"ಮಾತಾಡೋಕೆ ತ್ರಾಣ ಇಲ್ಲ ಕಣಯ್ಯ. ಅಲ್ಲಿಂದ ಅವಳೇನು ಮಾಡ್ತಾಳೆ? ಹೆದರ್ತಾಳೆ ಅಷ್ಟೆ."

ಬೇರೆ ದಿನಗಳಲ್ಲಿ ಹಾಗಲ್ಲ. ಈಚೆಗೆ ಅವನು ಕಾಗದದ ಕಟ್ಟುಗಳ ನಡುವಿನಿಂದ ಹೊರಬರುವಾಗ ಮುಖದಲ್ಲಿ ಕಳೆಯಿರುತ್ತಿತ್ತು. ಒಂದು ದಿನ ಫೋರ್‌ಮನ್ ತಡೆಯಲಾಗದೆ ಕೇಳಿಯೇಬಿಟ್ಟ. "ಯಾರಯ್ಯ ಅದು, ಅಷ್ಟು ಹೊತ್ತು ಬೈಯೋದು? ಇಲ್ಲೀವರೆಗೂ ಕೇಳ್ಸುತ್ತೆ."

ಅಲ್ಪವಿರಾಮ ಪೆನ್ಸಿಲು ಕೆತ್ತುತ್ತಿದ್ದ. "ನನ್ನ ತಂಗಿ," ಎಂದ. ಆಮೇಲೆ ತಲೆಯೆತ್ತಿ, "ಇವತ್ತು ಏಳು ನಿಮಿಷ ಬೈದಳು," ಎಂದ.

*

ಈ ಮಾತನ್ನು ಫೋರ್‌ಮನ್ ಹೇಳಿ ಮುಗಿಸಿದ. ತಂಗಿ ಡೈರಿಯನ್ನು ಮುಚ್ಚಿ ಮೇಜಿನ ಮೇಲಿಟ್ಟಳು.

"ನಾಲ್ಕು ಯೂನಿಟ್," ಎಂದಳು.

"ಏನು?"

"ಈ ಸುಳ್ಳು ಲೆಕ್ಕ ನಂಬಿ ಡಾಕ್ಟರು ಡೋಸ್ ಏರಿಸಿದ್ದಾರೆ. ಹದಿನೆಂಟರಿಂದ ಇಪ್ಪತ್ತೆರಡು. ನಾನೇ ಓದಿ ಹೇಳಿದ್ದು. ಅವನಿಗೆ ಬಾಯಿಪಾಠ ಮಾಡಿಸಿದ್ದೂ ನಾನೇ. ಶುಗರ್ ಸರಿಯಾಗಿದ್ದವನಿಗೆ ಹನ್ನೆರಡು ರಾತ್ರಿ ನಾಲ್ಕು ನಾಲ್ಕು ಯೂನಿಟ್ ಜಾಸ್ತಿ ಕೊಟ್ಟು, ಅದರಿಂದಲೇ ಎದೆ..."

ಅಂಗಡಿಯಾಕೆ ಡ್ರಾಯರನ್ನು ಪೂರ್ತಿ ಎಳೆದು ಇನ್ಸುಲಿನ್ ಪೆನ್ನನ್ನು ಹುಡುಕಿ ತೆಗೆದಳು. ಅದರ ಮೇಲೊಂದು ಕಾಗದದ ಪಟ್ಟಿ ಅಂಟಿಸಿತ್ತು. ಇರುವೆ ಸಾಲಿನಂಥ ಅಕ್ಷರದಲ್ಲಿ ಪೆನ್ನು ತೆರೆದ ತಾರೀಖು ಬರೆದಿತ್ತು.

"ಡೋಸ್ ಏರಿಸಿದ್ದು ಯಾವತ್ತು?"

ತಂಗಿ ಹೇಳಿದಳು. ಅದೇ ತಾರೀಖು.

"ಹಾಗಾದ್ರೆ ಲೆಕ್ಕ ಸುಲಭ. ಹೊಸ ಪೆನ್ನಲ್ಲಿ ಮುನ್ನೂರು ಯೂನಿಟ್ ಇರುತ್ತೆ. ಚುಚ್ಕೊಳ್ಳೋ ಮುಂಚೆ ಸೂಜಿ ಸರಿ ಇದೆಯಾ ಅಂತ ಎರಡು ಯೂನಿಟ್ ಹೊರಗೆ ಬಿಡ್ಬೇಕು. ಅವರು ಅದನ್ನ ತಪ್ಪಿಸ್ತಾ ಇರ್ಲಿಲ್ಲ. ಇಪ್ಪತ್ತೆರಡು ತಗೊಂಡಿದ್ರೆ ರಾತ್ರಿಗೆ ಇಪ್ಪತ್ನಾಲ್ಕು ಖರ್ಚು. ಹನ್ನೆರಡು ರಾತ್ರಿಗೆ ಇನ್ನೂರ ಎಂಬತ್ತೆಂಟು. ಪೆನ್ನು ಹತ್ತಿರ ಹತ್ತಿರ ಖಾಲಿ. ಹದಿನೆಂಟೇ ತಗೊಂಡಿದ್ರೆ..."

"ಇನ್ನೂರ ನಲವತ್ತು," ಎಂದ ಫೋರ್‌ಮನ್. "ಅರವತ್ತು ಉಳೀಬೇಕು."

ಆಕೆ ಪೆನ್ನನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಪಾರದರ್ಶಕ ನಳಿಕೆಯ ಪಕ್ಕದ ಗೆರೆಗಳನ್ನು ಉಗುರಿನಿಂದ ಎಣಿಸಿದಳು. ಮತ್ತೊಮ್ಮೆ ಎಣಿಸಿ, ತಂಗಿಯ ಕೈಗೆ ಕೊಟ್ಟಳು. "ನೀವೇ ನೋಡಿ."

ತಂಗಿ ನೋಡಿದಳು. ಫೋರ್‌ಮನ್ನನೂ ನೋಡಿದ. ಅರವತ್ತಿತ್ತು.

"ಒಂದು ಯೂನಿಟ್ಟೂ ಜಾಸ್ತಿ ತಗೊಂಡಿಲ್ಲ," ಎಂದಳು ಅಂಗಡಿಯಾಕೆ. "ಅವರ ನಿಜವಾದ ಲೆಕ್ಕ ಅವರಿಗೆ ಗೊತ್ತಿತ್ತಲ್ಲ. ನಿಮಗೆ ಹ್ಞೂಂ ಅಂದು, ತಮ್ಮದನ್ನ ತಾವು ಮಾಡ್ಕೊಂಡಿದ್ದಾರೆ. ಹೃದಯ ನಿಂತದ್ದು ಹೃದಯದ ಕಾಯಿಲೆಯಿಂದ. ನಿಮ್ಮ ಮೇಲೆ ಹಾಕ್ಕೋಬೇಡಿ."

ತಂಗಿ ತಲೆಯಾಡಿಸಿದಳು. ಪೆನ್ನನ್ನು ಇಟ್ಟು ಫೋನನ್ನು ಕೈಗೆತ್ತಿಕೊಂಡಳು. ಅಣ್ಣನಿಗೆ ಮಾಡಿದ ಕರೆಗಳ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ತಂದಳು. ಒಂಬತ್ತು ಸೆಕೆಂಡು. ಹದಿನಾಲ್ಕು ಸೆಕೆಂಡು. ಹನ್ನೊಂದು. ಆಮೇಲೆ ಆರು ನಿಮಿಷ ನಲವತ್ತು. ಏಳು ನಿಮಿಷ ಎರಡು. ಐದು ನಿಮಿಷ ಮೂವತ್ತು. ಎಲ್ಲಕ್ಕಿಂತ ಮೇಲೆ ನಿನ್ನೆಯದು.

"ನಿನ್ನೆ ಪ್ರೆಸ್ಸಿಗೆ ಏಳೂವರೆಗೆ ಬಂದಿರ್ಲಿಲ್ಲ ಅಲ್ವಾ ಅವನು?" ಎಂದು ಕೇಳಿದಳು.

"ಇಲ್ಲಮ್ಮ. ಅದಕ್ಕೇ ನಾನು ಹುಡುಕ್ಕೊಂಡು ಬಂದದ್ದು."

"ಮೈ ಸರಿಯಿರ್ಲಿಲ್ಲವೇನೋ."

"ಇರಬಹುದು."

"ಆದ್ರೂ ಮುನ್ನೂರ ಹನ್ನೊಂದು ಅಂತ ಹೇಳಿದ."

ಬಾಗಿಲಲ್ಲಿ ಗಂಡ ಇಣುಕಿದ. "ಗಾಡಿ ಬಂತು. ಹೊರಡೋಣ್ವಾ?"

*

ಸ್ಮಶಾನದಲ್ಲಿ ಒಂಬತ್ತು ಜನರಿದ್ದರು, ಅಲ್ಲಿನ ಕೆಲಸದವರಿಬ್ಬರನ್ನು ಸೇರಿಸಿ. ಯಾರಾದರೂ ಎರಡು ಮಾತಾಡುವುದಿದ್ದರೆ ಆಡಬಹುದು ಎಂದು ಅಲ್ಲಿಯವನು ಹೇಳಿದ. ಎಲ್ಲರೂ ಫೋರ್‌ಮನ್ನನ ಕಡೆ ನೋಡಿದರು. ಅವನು ಜೇಬಿನಿಂದ ಸೂಚನೆಯ ಕಾಗದ ತೆಗೆದು ಹೆಸರು, ವಯಸ್ಸು, ಕೆಲಸ ಮಾಡಿದ ವರ್ಷಗಳನ್ನು ಓದಿದ. ಕೊನೆಯ ಸಾಲನ್ನು ಪೆನ್ಸಿಲಿನಿಂದ ಹೊಡೆದುಹಾಕಿತ್ತು.

"ಅಲ್ಲೇನಿತ್ತು?" ಎಂದು ಹಿಂತಿರುಗುವಾಗ ತಂಗಿ ಕೇಳಿದಳು.

"ನಮ್ಮ ಬೈಂಡರು ಬರೆದಿದ್ದ. ಅಲ್ಪವಿರಾಮಕ್ಕೆ ಪೂರ್ಣವಿರಾಮ ಅಂತ." ಫೋರ್‌ಮನ್ ಕಾಗದವನ್ನು ಮಡಚಿದ. "ಅವನಿದ್ದಿದ್ರೆ ಬಿಡ್ತಾ ಇರ್ಲಿಲ್ಲ. ಮೊದಲ ಸಲಕ್ಕೇ ಹೊಳೆಯೋ ಮಾತನ್ನ ಅಚ್ಚು ಹಾಕಬಾರ್ದು ಅಂತಿದ್ದ."

ಬೈಂಡರು ಹಿಂದೆ ಬರುತ್ತಿದ್ದ. ಕೇಳಿಸಿದರೂ ಕೇಳಿಸದವನಂತೆ ಚಪ್ಪಲಿಯ ಮಣ್ಣು ಕೊಡವಿದ.

ಪ್ರೆಸ್ಸಿನವರು ಗೇಟಿನಿಂದಲೇ ಕೆಲಸಕ್ಕೆ ಹೋದರು. ಮಾರನೆಯ ದಿನ ಕೊಡಬೇಕಾದ ಪರೀಕ್ಷಾ ಕೋಷ್ಟಕದ ಕರಡು ಹಾಗೇ ಬಿದ್ದಿತ್ತು.

*

ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಅಣ್ಣನ ಕೋಣೆಯಲ್ಲಿ ಕಟ್ಟುವುದೆಲ್ಲ ಮುಗಿದಿತ್ತು. ಎರಡು ಪೆಟ್ಟಿಗೆ, ಒಂದು ಹಾಸಿಗೆ ಸುರುಳಿ. ಬಳಸದೆ ಉಳಿದ ಶುಗರ್ ಪರೀಕ್ಷೆಯ ಪಟ್ಟಿಗಳನ್ನೂ ಸೂಜಿಗಳನ್ನೂ ಅಂಗಡಿಯಾಕೆ ಒಂದು ಚೀಲಕ್ಕೆ ಹಾಕಿಕೊಂಡಿದ್ದಳು. ಕೊಳ್ಳಲಾಗದವರು ಬಂದರೆ ಕೊಡುತ್ತೇನೆ ಎಂದಿದ್ದಳು. ಗಂಡ ಪೆಟ್ಟಿಗೆಗಳನ್ನು ಇಳಿಸಿ, "ಕಾರು ತಿರುಗಿಸಿ ನಿಲ್ಲಿಸಿರ್ತೀನಿ, ಬೇಗ ಬಾ, ದಾರೀಲಿ ಕತ್ತಲಾಗುತ್ತೆ," ಎಂದು ಹೇಳಿ ಹೋದ.

"ನಾನೂ ಬರ್ತೀನಿ ಹಾಗಾದ್ರೆ," ಎಂದಳು ಅಂಗಡಿಯಾಕೆ. ಹೊಸ್ತಿಲಾಚೆ ಬಿಟ್ಟಿದ್ದ ಚಪ್ಪಲಿಗೆ ಕಾಲು ತೂರಿಸಿದಳು. "ಬೆಳಗ್ಗೆಯಿಂದ ಅಂಗಡಿ ಮುಚ್ಚೇ ಇದೆ. ಬೀಗದ ಕೈ ಕೆಳಗೆ ಕೊಟ್ಟು ಹೋಗಿ."

"ಆಗ್ಲಿ."

"ಹುಷಾರಾಗಿ ಹೋಗಿ ಬನ್ನಿ."

ಆಕೆ ಎರಡು ಮೆಟ್ಟಿಲು ಇಳಿದಳು. ಮೂರನೆಯದಕ್ಕೆ ಕಾಲಿಡುವಾಗ ಮೇಲಿನಿಂದ ತಂಗಿ, "ನನಗ್ಯಾಕೋ ತಲೆ ಸುತ್ತಿದ ಹಾಗಾಗ್ತಿದೆ," ಎಂದಳು.

ತಲೆ ಸುತ್ತುತ್ತಿರಲಿಲ್ಲ.

ಅಂಗಡಿಯಾಕೆ ತಿರುಗಿ ನೋಡಿದಳು. "ಯಾವಾಗಿಂದ?"

"ಈಗ. ಬೆಳಗ್ಗೆಯೂ ಒಂಚೂರು ಇತ್ತು."

"ಏನು ತಿಂದಿದ್ದೀರಿ ಬೆಳಗ್ಗೆ?"

"ಏನಿಲ್ಲ. ಚಹಾ." ಗಂಡನ ಜತೆ ಎರಡು ತುಂಡು ಬ್ರೆಡ್ಡು ತಿಂದಿದ್ದಳು.

"ಬರೀ ಚಹಾನಾ? ನಿನ್ನೆ ರಾತ್ರಿ?"

ಅಂಗಡಿಯಾಕೆ ಮೆಟ್ಟಿಲು ಹತ್ತಿ ಬಂದಳು. ಚಪ್ಪಲಿ ಬಿಡುತ್ತಲೇ ಶುರು ಮಾಡಿದಳು. "ಅಲ್ಲಾ, ಬುದ್ಧಿ ಇದೆಯಾ ನಿನಗೆ? ಊರಿಗೆಲ್ಲ ಊಟದ ಲೆಕ್ಕ ಕೇಳೋಳು ನೀನು! ಹೊಟ್ಟೆ ಖಾಲಿ ಇಟ್ಕೊಂಡು ನಾಲ್ಕು ಗಂಟೆ ಕಾರಲ್ಲಿ ಕೂರ್ತೀಯಾ? ನಿಮ್ಮಮ್ಮನಿಗೂ ಇತ್ತು, ಅಣ್ಣನಿಗೂ ಇತ್ತು. ನಿನ್ನದು ಎಷ್ಟಿದೆ ಅಂತ ಯಾವತ್ತಾದ್ರೂ ನೋಡಿಸ್ಕೊಂಡಿದ್ದೀಯಾ? ಹೇಳು, ನೋಡಿಸ್ಕೊಂಡಿದ್ದೀಯಾ?"

"ಇಲ್ಲ," ಎಂದಳು ತಂಗಿ.

"ಇಲ್ಲವಂತೆ! ಕೂತ್ಕೋ ಅಲ್ಲಿ. ಏಳ್ಬೇಡ."

ಕೋಣೆಯಲ್ಲಿ ಉಳಿದಿದ್ದ ಒಂದೇ ಕುರ್ಚಿಯಲ್ಲಿ ತಂಗಿ ಕೂತಳು. ಅಂಗಡಿಯಾಕೆ ಸ್ಟವ್ ಹಚ್ಚಿ ನೀರಿಟ್ಟಳು. ಹಾಲಿಲ್ಲದ್ದಕ್ಕೆ ಬೈದಳು, ಲೋಟಗಳನ್ನೆಲ್ಲ ಕಟ್ಟಿಹಾಕಿದ್ದಕ್ಕೆ ಬೈದಳು, ಐವತ್ತು ದಾಟಿದವರು ವರ್ಷಕ್ಕೊಮ್ಮೆಯಾದರೂ ರಕ್ತ ಪರೀಕ್ಷೆ ಮಾಡಿಸದಿರುವುದಕ್ಕೆ ವಿವರವಾಗಿ ಬೈಯತೊಡಗಿದಳು.

ಕೆಳಗಿನಿಂದ ಕಾರಿನ ಹಾರ್ನ್ ಕೇಳಿಸಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ, ಈ ಸಲ ಉದ್ದವಾಗಿ. ತಂಗಿ ಎದ್ದು ಹೋಗಿ, ಕಿಟಕಿಯ ಬಾಗಿಲು ಮುಚ್ಚಿ, ಬಂದು ಮತ್ತೆ ಕುಳಿತಳು.